ಏಳು ಜನರ ಆಟ: ಹೆರ್ಮುಂಡೆಯಿಂದ ಏಷ್ಯಾಡ್‌ವರೆಗೆ

ಕಬಡ್ಡಿ ನಮ್ಮವರಿಗೆ ಬಿಡಿಸಿ ಹೇಳಬೇಕಾದ ಆಟವಲ್ಲ. ಊರಿನ ಗದ್ದೆಯಲ್ಲಿ ಕೊಯ್ಲು ಮುಗಿದ ಮೇಲೆ, ಶಾಲೆಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಜಾತ್ರೆಯ ಮರುದಿನ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಈ ಆಟವನ್ನು ನಾವು ಆಡಿದ್ದೇವೆ, ಇಲ್ಲವೇ ಆಡುವವರನ್ನು ನೋಡಿ ಕೇಕೆ ಹಾಕಿದ್ದೇವೆ. ಹೊಟ್ಟೆಪಾಡಿಗೆಂದು ಮುಂಬಯಿಗೆ ಬಂದು ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ರಾತ್ರಿಶಾಲೆಯಲ್ಲಿ ಓದಿದ ನಮ್ಮ ಹಿರಿಯರಿಗೂ ರಜೆಯ ದಿನ ಮೈಕೈ ಸಡಿಲಿಸಲು ಒದಗುತ್ತಿದ್ದ ಆಟ ಇದೇ. ಇದಕ್ಕೆ ಬ್ಯಾಟು ಬೇಡ, ಚೆಂಡು ಬೇಡ, ಚಂದಾ ಬೇಡ. ಎರಡು ಕಡೆಗೆ ಏಳೇಳು ಜನ, ನಡುವೆ ಒಂದು ಗೆರೆ, ಎದೆಯಲ್ಲಿ ಒಂದಿಷ್ಟು ಉಸಿರು ಇದ್ದರೆ ಸಾಕು.

ಆದರೆ ಈ ಆಟದಲ್ಲಿ ನಮ್ಮ ನಾಡಿನ ಹೆಣ್ಣುಮಕ್ಕಳು ಏನೇನು ಗೆದ್ದರು, ಯಾವ ವರ್ಷ ಗೆದ್ದರು, ಹೇಗೆ ಗೆದ್ದರು ಎಂದು ಕೇಳಿದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ನಮ್ಮ ಮನೆಗಳಲ್ಲಿ ಥಟ್ಟನೆ ಉತ್ತರ ಸಿಗುವುದು ಕಷ್ಟ. ಕ್ರಿಕೆಟ್ ಆಟಗಾರನ ಓಟಗಳ ಲೆಕ್ಕವನ್ನು ಬಾಯಿಪಾಠ ಒಪ್ಪಿಸುವ ಮಕ್ಕಳಿಗೂ ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿಯವರ ಹೆಸರು ಹೊಸದೆನಿಸಬಹುದು. ಎರಡು ಏಷ್ಯನ್ ಕ್ರೀಡಾಕೂಟಗಳ ಚಿನ್ನ, ಒಂದು ವಿಶ್ವಕಪ್, ಭಾರತ ತಂಡದ ನಾಯಕತ್ವ, ಅರ್ಜುನ ಪ್ರಶಸ್ತಿ ಇಷ್ಟನ್ನೂ ಪಡೆದ ಈ ಆಟಗಾರ್ತಿಯ ಬದುಕನ್ನು, ಅದರ ಹಿಂದಿರುವ ಆಟದ ಇತಿಹಾಸದೊಂದಿಗೆ ಇಲ್ಲಿ ಸಂಕ್ಷೇಪವಾಗಿ ನೋಡೋಣ.

ಎರಡು ಏಳರ ಆಟಗಳು

ಲೋಕದಲ್ಲಿ ಏಳು ಜನರು ಮೈಗೆ ಮೈ ತಾಗಿಸಿ ಆಡುವ ಆಟ ಕಬಡ್ಡಿಯೊಂದೇ ಅಲ್ಲ. ರಗ್ಬಿಯಲ್ಲೂ ಏಳು ಜನರ ಒಂದು ಬಗೆಯಿದೆ. ಸಾಮಾನ್ಯವಾಗಿ ಹದಿನೈದು ಜನರು ಆಡುವ ರಗ್ಬಿಯನ್ನು ಏಳಕ್ಕಿಳಿಸಿ, ಏಳೇಳು ನಿಮಿಷಗಳ ಎರಡು ಅವಧಿಯಲ್ಲಿ ಮುಗಿಸುವ ಈ ಆಟ 1883ರಲ್ಲಿ ಸ್ಕಾಟ್ಲೆಂಡಿನ ಮೆಲ್‌ರೋಸ್ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿತು. ತಮ್ಮ ಕ್ಲಬ್ಬಿಗೆ ನಾಲ್ಕು ಕಾಸು ಕೂಡಿಸಲು ಆಟದ ಮೇಳವೊಂದನ್ನು ನಡೆಸಬೇಕೆಂದಿದ್ದಾಗ ನೆಡ್ ಹೇಗ್ ಎಂಬ ಮಾಂಸದ ವ್ಯಾಪಾರಿ ಈ ಉಪಾಯವನ್ನು ಸೂಚಿಸಿದನಂತೆ. ಆ ಸಣ್ಣ ಊರಿನ ಉಪಾಯ 2016ರಲ್ಲಿ ರಿಯೊ ಒಲಿಂಪಿಕ್ಸ್ ಸೇರಿತು. ನಮ್ಮ ದೇಶದಿಂದ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಹೋದವರ ಸಂತತಿ ಇಂದಿಗೂ ಇರುವ ಫಿಜಿ ದ್ವೀಪರಾಷ್ಟ್ರವು ಬ್ರಿಟನ್ನನ್ನು 43–7ರಿಂದ ಸೋಲಿಸಿ ಅಲ್ಲಿ ಚಿನ್ನ ಗೆದ್ದಿತು. ಆ ದೇಶದ ಚರಿತ್ರೆಯಲ್ಲೇ ಅದು ಮೊದಲ ಒಲಿಂಪಿಕ್ ಪದಕ. ಆ ಗೆಲುವಿನ ನೆನಪಿಗೆ ಮರುವರ್ಷ ಅಲ್ಲಿನ ಸರಕಾರ ಏಳು ಡಾಲರಿನ ನೋಟನ್ನೇ ಅಚ್ಚು ಹಾಕಿಸಿತು. 2025ರ ಜೂನ್ ತಿಂಗಳಲ್ಲಿ ನಮ್ಮ ಅಂಧೇರಿಯ ಮೈದಾನದಲ್ಲೇ ಆರು ತಂಡಗಳ ಏಳು ಜನರ ರಗ್ಬಿ ಪಂದ್ಯಾವಳಿ ನಡೆದುದನ್ನೂ, ಅದರಲ್ಲಿ ಬೆಂಗಳೂರಿನ ಹೆಸರು ಹೊತ್ತ ತಂಡ ಆಡಿದ್ದನ್ನೂ ಕೆಲವರು ಟಿ.ವಿ.ಯಲ್ಲಿ ನೋಡಿರಬಹುದು.

ಈ ಮಾತನ್ನು ಇಲ್ಲಿ ತರಲು ಕಾರಣವಿದೆ. ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಕೆಡವುವುದು ರಗ್ಬಿ. ಉಸಿರು ಹಿಡಿದು ಬಂದವನನ್ನು ಎದುರಾಳಿಗಳು ಕೆಡವುವುದು ಕಬಡ್ಡಿ. ಎರಡಕ್ಕೂ ಬೇಕಾದುದು ಕಾಲಿನ ಚುರುಕು, ಸೊಂಟದ ಬಲ, ನೆಲಕ್ಕೆ ಬೀಳುವ ಧೈರ್ಯ. ಆದರೆ ಮೆಲ್‌ರೋಸಿನ ಆಟಕ್ಕೆ ಒಲಿಂಪಿಕ್ಸ್ ಬಾಗಿಲು ತೆರೆಯಿತು, ನಮ್ಮ ಆಟಕ್ಕೆ ತೆರೆಯಲಿಲ್ಲ. 1936ರಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಬರ್ಲಿನ್ ಒಲಿಂಪಿಕ್ಸ್ ಸಮಯದಲ್ಲಿ ಕಬಡ್ಡಿಯನ್ನು ಆಡಿ ತೋರಿಸಿದ್ದರು. ಅಲ್ಲಿಂದಾಚೆಗೆ ಅದು ಒಲಿಂಪಿಕ್ಸ್‌ನ ಪದಕದ ಆಟವಾಗಲೇ ಇಲ್ಲ. ಹೀಗಾಗಿ ಕಬಡ್ಡಿ ಆಟಗಾರ್ತಿಗೆ ಅತಿ ಎತ್ತರದ ಮೆಟ್ಟಿಲು ಎಂದರೆ ನಾಲ್ಕು ವರ್ಷಕ್ಕೊಮ್ಮೆ ಬರುವ ಏಷ್ಯನ್ ಕ್ರೀಡಾಕೂಟ. ಒಬ್ಬಳ ಆಟದ ಬದುಕಿನಲ್ಲಿ ಅದು ಒಮ್ಮೆ ಬಂದರೆ ಭಾಗ್ಯ, ಎರಡು ಸಲ ಬಂದರೆ ಪುಣ್ಯ.

ಮಣ್ಣಿನ ಆಟಕ್ಕೆ ನಿಯಮ ಬಂದ ಬಗೆ

ತಮಿಳುನಾಡಿನಲ್ಲಿ ಸಡುಗುಡು, ಬಂಗಾಳದಲ್ಲಿ ಹಾಡುಡು, ಮಹಾರಾಷ್ಟ್ರದಲ್ಲಿ ಹುತುತು ಎಂದು ಊರಿಗೊಂದು ಹೆಸರು, ಊರಿಗೊಂದು ಕ್ರಮ ಇದ್ದ ಈ ಆಟವನ್ನು ಒಂದು ಕಟ್ಟಿಗೆ ತಂದವರಲ್ಲಿ ನಾವೀಗ ಬಾಳುತ್ತಿರುವ ಮಹಾರಾಷ್ಟ್ರದವರ ಪಾಲು ದೊಡ್ಡದು. 1920ರ ದಶಕದಲ್ಲಿ ಸಾತಾರಾ, ಬರೋಡಾಗಳಲ್ಲಿ ನಿಯಮಗಳು ರೂಪುಗೊಂಡವು. 1950ರಲ್ಲಿ ಅಖಿಲ ಭಾರತ ಕಬಡ್ಡಿ ಫೆಡರೇಶನ್ ಸ್ಥಾಪನೆಯಾಯಿತು. 1952ರಲ್ಲಿ ಮದರಾಸಿನಲ್ಲಿ ಪುರುಷರ ಮೊದಲ ರಾಷ್ಟ್ರೀಯ ಪಂದ್ಯಾವಳಿ, 1955ರಲ್ಲಿ ಕಲ್ಕತ್ತದಲ್ಲಿ ಮಹಿಳೆಯರ ಪಂದ್ಯಾವಳಿ ನಡೆಯಿತು. ಮುಂಬಯಿಯ ಶಂಕರರಾವ್ ಸಾಳ್ವಿ, ಎಲ್ಲರ ಬಾಯಲ್ಲಿ ‘ಬುವಾ’, ತಮ್ಮ ಆಯುಷ್ಯವನ್ನೇ ಈ ಆಟದ ಸಂಘಟನೆಗೆ ಸವೆಸಿದರು. 1982ರ ದಿಲ್ಲಿ ಏಷ್ಯಾಡ್‌ನಲ್ಲಿ ಕಬಡ್ಡಿ ಪ್ರದರ್ಶನದ ಆಟವಾಗಿ ಬಂತು. 1990ರಲ್ಲಿ ಬೀಜಿಂಗಿನಲ್ಲಿ ಪದಕದ ಆಟವಾಯಿತು. ಅಂದಿನಿಂದ 2014ರವರೆಗೆ ನಡೆದ ಏಳು ಕೂಟಗಳಲ್ಲೂ ಭಾರತದ ಪುರುಷರೇ ಚಿನ್ನ ಗೆದ್ದರು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಮಹಿಳೆಯರು 1955ರಿಂದ ರಾಷ್ಟ್ರಮಟ್ಟದಲ್ಲಿ ಆಡುತ್ತಿದ್ದರೂ, ಪುರುಷರಿಗೆ 1990ರಲ್ಲಿ ಸಿಕ್ಕ ಏಷ್ಯಾಡ್ ಅವರಿಗೆ ಸಿಕ್ಕಿದ್ದು 2010ರಲ್ಲಿ. ಇಪ್ಪತ್ತು ವರ್ಷಗಳ ಅಂತರ! ಈ ನಡುವೆ ಎಷ್ಟೋ ಒಳ್ಳೆಯ ಆಟಗಾರ್ತಿಯರು ಬಂದರು, ಆಡಿದರು, ಮದುವೆಯಾಗಿ ಮಕ್ಕಳನ್ನು ಸಾಕಿ ಮೊಮ್ಮಕ್ಕಳನ್ನೂ ಕಂಡರು. 1970ರ ದಶಕದಲ್ಲಿ ಅರ್ಜುನ ಪ್ರಶಸ್ತಿ ಪಡೆದ ಶಕುಂತಲಾ ಖಟಾವ್‌ಕರ್‌ರಂಥವರಿಗೂ ಏಷ್ಯನ್ ಕ್ರೀಡಾಕೂಟದ ಅಂಕಣದ ಮೇಲೆ ಕಾಲಿಡುವ ಯೋಗ ಬರಲಿಲ್ಲ. ಮಮತಾ ಪೂಜಾರಿಯವರ ಪೀಳಿಗೆಗೆ ಆ ಯೋಗ ಬಂತು. ಯೋಗ ಬಂದಾಗ ಕೈಯಲ್ಲಿ ಆಟ ಇರಬೇಕು ಎಂಬುದಷ್ಟೇ ಮುಖ್ಯ. ಅವರ ಕೈಯಲ್ಲಿ ಆಟವಿತ್ತು.

ಹೆರ್ಮುಂಡೆಯ ಹುಡುಗಿ

ಕಾರ್ಕಳವೆಂದೊಡನೆ ನಮಗೆ 1432ರಲ್ಲಿ ನಿಂತ ಗೊಮ್ಮಟನ ಏಕಶಿಲಾ ಮೂರ್ತಿ, ಕರಿಕಲ್ಲಿನ ಶಿಲ್ಪಿಗಳು, ಅತ್ತೂರಿನ ಜಾತ್ರೆ ನೆನಪಾಗುತ್ತವೆ. ಆ ತಾಲೂಕಿನ ಒಳಗಿನ ಹಳ್ಳಿ ಹೆರ್ಮುಂಡೆ. ಅಲ್ಲಿಯ ಕೃಷಿಕ ಮನೆತನದಲ್ಲಿ ಹುಟ್ಟಿದ ಮಮತಾ ಶಾಲೆಯಲ್ಲಿದ್ದಾಗ ವಾಲಿಬಾಲ್, ಗುಂಡು ಎಸೆತ, ಖೋಖೋಗಳಲ್ಲಿ ಮುಂದಿದ್ದವರು. ಕಬಡ್ಡಿ ಅವರ ಕೈ ಹಿಡಿದದ್ದು ಕಾಲೇಜಿನ ದಿನಗಳಲ್ಲಿ. ಹೀಗೆ ಬೇರೆ ಬೇರೆ ಆಟಗಳಲ್ಲಿ ಪಳಗಿ ಬಂದದ್ದು ನಷ್ಟವಲ್ಲ, ಲಾಭವೇ. ಖೋಖೋ ಆಡಿದ ಕಾಲಿಗೆ ತಟ್ಟನೆ ತಿರುಗುವ ಅಭ್ಯಾಸವಿರುತ್ತದೆ. ಗುಂಡು ಎಸೆದ ಹೆಗಲಿಗೆ ಎದುರಾಳಿಯ ಹಿಡಿತದಿಂದ ಜಗ್ಗಿ ಬರುವ ಕಸುವಿರುತ್ತದೆ. ವಾಲಿಬಾಲಿನಲ್ಲಿ ಹಾರಿದ ಮೈಗೆ ಗಾಳಿಯಲ್ಲಿ ತೂಕ ಹಿಡಿಯುವುದು ಗೊತ್ತಿರುತ್ತದೆ.

ಮಹಿಳೆಯರ ಕಬಡ್ಡಿ ಅಂಕಣದ ಉದ್ದ ಹನ್ನೆರಡು ಮೀಟರ್, ಅಗಲ ಎಂಟು ಮೀಟರ್. ಪುರುಷರದಕ್ಕಿಂತ ಸ್ವಲ್ಪ ಚಿಕ್ಕದು. ಹದಿನೈದು ನಿಮಿಷಗಳ ಎರಡು ಅವಧಿ. ದಾಳಿಗೆ ಹೋದವಳಿಗೆ ಸಿಗುವುದು ಮೂವತ್ತು ಸೆಕೆಂಡು. ಅಷ್ಟರಲ್ಲಿ ‘ಕಬಡ್ಡಿ ಕಬಡ್ಡಿ’ ಎಂಬ ಉಲಿ ನಿಲ್ಲದಂತೆ ಅವಳು ಗೆರೆ ದಾಟಬೇಕು, ಮುಟ್ಟಬೇಕು, ಮರಳಬೇಕು. ಎದುರಿಗೆ ಕೈಕೈ ಹಿಡಿದು ನಿಂತ ಏಳು ಜನರಲ್ಲಿ ಮೂಲೆಯವಳು ಕಣಕಾಲಿಗೆ ಬೀಳುತ್ತಾಳೆ, ಪಕ್ಕದವಳು ತೊಡೆ ತಬ್ಬುತ್ತಾಳೆ, ಮೂರನೆಯವಳು ಹೆಗಲಿಗೆ ಹೆಗಲು ಕೊಟ್ಟು ಹೊರಗೆ ತಳ್ಳುತ್ತಾಳೆ. ಯಾರನ್ನು ಮುಟ್ಟಬೇಕು, ಯಾವಾಗ ತಿರುಗಬೇಕು, ಯಾವಾಗ ಬರಿಗೈಯಲ್ಲಿ ಮರಳಿದರೂ ತಂಡಕ್ಕೆ ಒಳಿತು ಎಂಬ ಲೆಕ್ಕವನ್ನು ಉಸಿರು ಕಟ್ಟಿದಂಥ ಹೊತ್ತಿನಲ್ಲೇ ಹಾಕಬೇಕು. ಮಮತಾ ಹೆಸರು ಮಾಡಿದ್ದು ಇಂಥ ದಾಳಿಯಿಂದಲೇ.

ಇನ್ನೊಂದು ಸಂಗತಿ. ಹಳ್ಳಿಯಲ್ಲಿ ಬರಿಗಾಲಲ್ಲಿ ಮಣ್ಣಿನ ಮೇಲೆ ಕಲಿತ ಆಟವನ್ನು ಅಂತಾರಾಷ್ಟ್ರೀಯ ಕೂಟಗಳಲ್ಲಿ ಬೂಟು ಹಾಕಿ ಮ್ಯಾಟಿನ ಮೇಲೆ ಆಡಬೇಕು. ಮಣ್ಣಿನಲ್ಲಿ ಕಾಲು ಜಾರಿ ನಿಲ್ಲುತ್ತದೆ; ಮ್ಯಾಟು ಕಾಲನ್ನು ತಟ್ಟನೆ ಹಿಡಿದುಬಿಡುತ್ತದೆ. ಮೈ ತಿರುಗಿ ಮಂಡಿ ತಿರುಗದೆ ಹೋದರೆ ಅಲ್ಲಿಗೆ ಆಟ ಮುಗಿಯಿತು. ಒಬ್ಬ ಆಟಗಾರ್ತಿ ವರ್ಷಗಟ್ಟಲೆ ಅಂಕಣದಲ್ಲಿ ಉಳಿದಳೆಂದರೆ ಅದು ಬಲದ ಮಾತಷ್ಟೇ ಅಲ್ಲ. ಬುದ್ಧಿಯ ಮಾತು, ಶಿಸ್ತಿನ ಮಾತು.

ರೈಲ್ವೆಯ ಋಣ

ಆಟದಿಂದ ಹೊಟ್ಟೆ ತುಂಬುವುದೇ? ಈ ಪ್ರಶ್ನೆಯನ್ನು ಮಗಳು ಮೈದಾನಕ್ಕಿಳಿದ ದಿನವೇ ತಂದೆತಾಯಂದಿರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಮಮತಾ ಪೂಜಾರಿಯವರ ಮಟ್ಟಿಗೆ ಆ ಪ್ರಶ್ನೆಗೆ ಉತ್ತರ ಕೊಟ್ಟದ್ದು ರೈಲ್ವೆ. ಸಿಕಂದರಾಬಾದಿನಲ್ಲಿ ಕೇಂದ್ರ ಕಚೇರಿಯುಳ್ಳ ದಕ್ಷಿಣ ಮಧ್ಯ ರೈಲ್ವೆಯಲ್ಲಿ ಅವರಿಗೆ ನೌಕರಿ ದೊರೆಯಿತು. ತಿಂಗಳ ಸಂಬಳ, ಅಭ್ಯಾಸಕ್ಕೆ ಮೈದಾನ, ಶಿಬಿರಕ್ಕೆ ರಜೆ, ಜೊತೆಗೆ ಆಡಲು ತಮ್ಮಷ್ಟೇ ಗಟ್ಟಿಯಾದ ಗೆಳತಿಯರು ಇವೆಲ್ಲ ಒಂದೇ ಸೂರಿನಡಿ ಸಿಕ್ಕವು. ಮಹಿಳೆಯರ ರಾಷ್ಟ್ರೀಯ ಕಬಡ್ಡಿಯಲ್ಲಿ ರೈಲ್ವೆ ತಂಡ ದಶಕಗಳ ಕಾಲ ಪ್ರಶಸ್ತಿಯ ಮೇಲೆ ಪ್ರಶಸ್ತಿ ಗೆಲ್ಲುತ್ತ ಬಂದುದರ ಗುಟ್ಟು ಇದೇ. ರಾಜ್ಯ ರಾಜ್ಯಗಳ ಬಡ ಮನೆಗಳ ಹುಡುಗಿಯರು ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದು ಅಲ್ಲಿ ಬಂದು ಸೇರಿದರು.

ಈ ಮಾತು ನಮಗೆ ದೂರದ್ದಲ್ಲ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ಕಲ್ಯಾಣ ಬೆಳೆದದ್ದೇ ರೈಲ್ವೆಯ ಜಂಕ್ಷನ್ನಾಗಿ. ಡೊಂಬಿವಲಿಯ ಬಾಳು ಇಂದಿಗೂ ಲೋಕಲ್ ಗಾಡಿಯ ವೇಳಾಪಟ್ಟಿಯ ಮೇಲೆ ನಿಂತಿದೆ. 1998ರಲ್ಲಿ ಕೊಂಕಣ ರೈಲ್ವೆಯ ಹಳಿ ಪೂರ್ತಿಯಾದ ಮೇಲೆ ಠಾಣೆ, ಪನ್ವೇಲಿನಲ್ಲಿ ಗಾಡಿ ಹತ್ತಿದವರು ಉಡುಪಿ, ಮಂಗಳೂರಿನಲ್ಲಿ ಇಳಿಯುವಂತಾಯಿತು. ಅದಕ್ಕೂ ಮುಂಚೆ ಊರಿಗೆ ಹೋಗುವುದೆಂದರೆ ಘಟ್ಟ ಹತ್ತಿ ಇಳಿಯುವ ಬಸ್ಸಿನ ಪಯಣವೆಂಬುದನ್ನು ಹಿರಿಯರು ಮರೆತಿಲ್ಲ. ನಮ್ಮನ್ನು ಊರಿನೊಡನೆ ಬೆಸೆದ ರೈಲ್ವೆಯೇ ಊರಿನ ಹುಡುಗಿಯೊಬ್ಬಳ ಆಟದ ಬದುಕನ್ನೂ ಎತ್ತಿ ನಿಲ್ಲಿಸಿತು ಎಂಬುದು ನೆನಪಿನಲ್ಲಿಡಬೇಕಾದ ಮಾತು.

ಗುವಾಂಗ್‌ಝೌ, ಪಾಟ್ನಾ, ಇಂಚಿಯೋನ್

2010ರ ನವೆಂಬರಿನಲ್ಲಿ ಚೀನದ ಗುವಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳಾ ಕಬಡ್ಡಿ ಮೊದಲ ಬಾರಿಗೆ ಸೇರಿತು. ಅಂತಿಮ ಪಂದ್ಯದಲ್ಲಿ ಭಾರತ ಥಾಯ್ಲೆಂಡನ್ನು 28–14ರಿಂದ ಸೋಲಿಸಿತು. ಅಂಕ ಸರಿಯಾಗಿ ಇಮ್ಮಡಿ! ಆ ತಂಡದಲ್ಲಿ ಮಮತಾ ಇದ್ದರು. ಕರ್ನಾಟಕದವರೇ ಆದ ತೇಜಸ್ವಿನಿ ಬಾಯಿ ಇದ್ದರು. ಈ ತೇಜಸ್ವಿನಿಯವರಿಗೆ 2011ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಅದಕ್ಕೆ ಮುಂಚೆ 2000ದ ಸಾಲಿನಲ್ಲಿ ಸಿ. ಹೊನ್ನಪ್ಪ, 2001ರ ಸಾಲಿನಲ್ಲಿ ಬಿ.ಸಿ. ರಮೇಶ್ ಈ ಪ್ರಶಸ್ತಿ ಪಡೆದ ಕನ್ನಡಿಗರು.

2012ರ ಮಾರ್ಚಿನಲ್ಲಿ ಪಾಟ್ನಾದಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ನಡೆಯಿತು. ಅಂತಿಮ ಪಂದ್ಯದಲ್ಲಿ ಎದುರಾದದ್ದು ಇರಾನ್. ಗೆಲುವು 25–19ರ ಸಣ್ಣ ಅಂತರದ್ದು. ತಲೆಗೆ ವಸ್ತ್ರ ಕಟ್ಟಿಕೊಂಡು ಆಡುವ ಇರಾನಿನ ಹುಡುಗಿಯರು ಎಷ್ಟು ಬೇಗ ಈ ಆಟ ಕಲಿಯುತ್ತಿದ್ದಾರೆಂಬುದು ಅಂದೇ ಕಣ್ಣಿಗೆ ಬಿದ್ದಿತ್ತು. ಈ ಗೆಲುವಿನ ಬಳಿಕ ಮಹಾರಾಷ್ಟ್ರ ಸರಕಾರ ತಂಡದಲ್ಲಿದ್ದ ತನ್ನ ಮೂವರು ಆಟಗಾರ್ತಿಯರಾದ ದೀಪಿಕಾ ಜೋಸೆಫ್, ಅಭಿಲಾಷಾ ಮ್ಹಾತ್ರೆ, ಸುವರ್ಣಾ ಬಾರಟಕ್ಕೆ ಇವರಿಗೆ ತಲಾ ಒಂದು ಕೋಟಿ ರೂಪಾಯಿ ಬಹುಮಾನ ಘೋಷಿಸಿತು. ಮಹಿಳಾ ಕಬಡ್ಡಿಯ ಚರಿತ್ರೆಯಲ್ಲಿ ಅಷ್ಟು ದೊಡ್ಡ ಮೊತ್ತ ಅದುವರೆಗೆ ಕೇಳಿದ್ದಲ್ಲ. ನಾವು ಅನ್ನ ತಿನ್ನುವ ರಾಜ್ಯ ತನ್ನ ಮಣ್ಣಿನ ಆಟವನ್ನು ಹೀಗೆ ಗೌರವಿಸಿದ್ದನ್ನು ಮೆಚ್ಚಲೇಬೇಕು.

2014ರ ಅಕ್ಟೋಬರ್ 3ರಂದು ಕೊರಿಯದ ಇಂಚಿಯೋನ್‌ನಲ್ಲಿ ಮತ್ತೆ ಇರಾನ್, ಮತ್ತೆ ಏಷ್ಯಾಡಿನ ಅಂತಿಮ ಪಂದ್ಯ. ಭಾರತ 31–21ರಿಂದ ಗೆದ್ದಿತು. ಮಮತಾ, ತೇಜಸ್ವಿನಿ ಇಬ್ಬರಿಗೂ ಅದು ಎರಡನೆಯ ಏಷ್ಯಾಡ್ ಚಿನ್ನ. ಅದೇ ವರ್ಷದ ಅರ್ಜುನ ಪ್ರಶಸ್ತಿ ಮಮತಾ ಪೂಜಾರಿಯವರದಾಯಿತು. ಗುವಾಂಗ್‌ಝೌದಿಂದ ಇಂಚಿಯೋನ್‌ವರೆಗಿನ ಈ ನಾಲ್ಕು ವರ್ಷ ಭಾರತದ ಮಹಿಳಾ ಕಬಡ್ಡಿಯ ಸುವರ್ಣಕಾಲ, ಅದರಲ್ಲಿ ಕರ್ನಾಟಕದ ಈ ಇಬ್ಬರ ಪಾಲು ಮರೆಯಲಾಗದ್ದು ಎಂದರೆ ಉತ್ಪ್ರೇಕ್ಷೆಯಾಗಲಾರದು.

ಹಣ ಬಂತು, ಯಾರ ಮನೆಗೆ?

ಇಂಚಿಯೋನ್‌ನ ಚಿನ್ನಕ್ಕೆ ಎರಡು ತಿಂಗಳ ಮುಂಚೆ, 2014ರ ಜುಲೈ 26ರಂದು, ಮುಂಬಯಿಯ ವರ್ಲಿಯಲ್ಲಿ ಪುರುಷರ ಪ್ರೊ ಕಬಡ್ಡಿ ಲೀಗ್ ಆರಂಭವಾಯಿತು. ದೀಪಗಳ ಝಗಮಗ, ಸಿನೆಮಾ ತಾರೆಯರು, ಟಿ.ವಿ. ಕ್ಯಾಮೆರಾಗಳು. ಮಣ್ಣಿನ ಆಟ ರಾತ್ರೋರಾತ್ರಿ ಮನೆಮನೆಯ ಹಾಲಿಗೆ ಬಂತು. ಮೊದಲ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ ಪಡೆದ ರಾಕೇಶ್ ಕುಮಾರ್‌ಗೆ ಸಿಕ್ಕಿದ್ದು 12.80 ಲಕ್ಷ ರೂಪಾಯಿ. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್‌ಗೆ ಕಟ್ಟಿದ ಬೆಲೆ ಎರಡೂವರೆ ಕೋಟಿಯನ್ನೂ ಮೀರಿತು. ಒಂಬತ್ತು ವರ್ಷಗಳಲ್ಲಿ ಇಪ್ಪತ್ತು ಪಟ್ಟು!

ನಮ್ಮ ಕರಾವಳಿಯ ಹೆಸರು ಹೊತ್ತು ಮುಂಬಯಿಯಲ್ಲೇ ಬೆಳೆದ ರಿಶಾಂಕ್ ದೇವಾಡಿಗರಿಗೂ ಈ ಲೀಗ್ ದೊಡ್ಡ ವೇದಿಕೆಯಾಯಿತು. 2015ರಲ್ಲಿ ಪ್ರಶಸ್ತಿ ಗೆದ್ದ ಯು ಮುಂಬಾ ತಂಡದಲ್ಲಿ ಅವರಿದ್ದರು. 2017ರಲ್ಲಿ ಯು.ಪಿ. ಯೋಧಾ ಪರವಾಗಿ ಒಂದೇ ಪಂದ್ಯದಲ್ಲಿ ದಾಳಿಯಿಂದ 28 ಅಂಕ ಗಳಿಸಿ ಅಂದಿನ ದಾಖಲೆ ಬರೆದರು. 2018ರ ಜನವರಿಯಲ್ಲಿ ಅವರ ನಾಯಕತ್ವದಲ್ಲಿ ಮಹಾರಾಷ್ಟ್ರವು ಹೈದರಾಬಾದಿನಲ್ಲಿ ಸರ್ವಿಸಸ್ ತಂಡವನ್ನು ಸೋಲಿಸಿ, ಹನ್ನೊಂದು ವರ್ಷಗಳ ಬಳಿಕ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ದೇವಾಡಿಗ ಹೆಸರಿನ ಹುಡುಗ ಮಹಾರಾಷ್ಟ್ರದ ನಾಯಕ! ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಸಂಗತಿಯಲ್ಲಿ ಅಡಗಿರುವ ಅರ್ಥವನ್ನು ಬೇರೆಯವರು ತಿಳಿಸಿ ಹೇಳಬೇಕಾಗಿಲ್ಲ.

ಮಹಿಳೆಯರ ಮಾತೇನು? 2016ರಲ್ಲಿ ಪುರುಷರ ಲೀಗಿನ ಜೊತೆಗೇ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ನಡೆಯಿತು. ಫೈರ್ ಬರ್ಡ್ಸ್ ತಂಡಕ್ಕೆ ಮಮತಾ ಪೂಜಾರಿ, ಸ್ಟಾರ್ಮ್ ಕ್ವೀನ್ಸ್‌ಗೆ ತೇಜಸ್ವಿನಿ ಬಾಯಿ, ಐಸ್ ದಿವಾಸ್‌ಗೆ ಅಭಿಲಾಷಾ ಮ್ಹಾತ್ರೆ ನಾಯಕಿಯರು. ಮೂವರಲ್ಲಿ ಇಬ್ಬರು ಕರ್ನಾಟಕದವರು, ಒಬ್ಬರು ಮಹಾರಾಷ್ಟ್ರದವರು. ಜುಲೈ 31ರಂದು ಹೈದರಾಬಾದಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ತೇಜಸ್ವಿನಿಯವರ ತಂಡ ಮಮತಾ ತಂಡವನ್ನು 24–23ರಿಂದ, ಒಂದೇ ಒಂದು ಅಂಕದಿಂದ ಸೋಲಿಸಿತು. ನೋಡಿದವರು ರೋಮಾಂಚನಗೊಂಡರು. ಆದರೂ ಆ ಚಾಲೆಂಜ್ ಮರುವರ್ಷ ಬರಲಿಲ್ಲ. ಮತ್ತೆ ಬರಲೇ ಇಲ್ಲ. ಪುರುಷರ ಬೆಲೆ ಲಕ್ಷದಿಂದ ಕೋಟಿಗೆ ಏರಿದ ಅದೇ ವರ್ಷಗಳಲ್ಲಿ ದೇಶಕ್ಕೆ ಚಿನ್ನ ತಂದ ಮಹಿಳೆಯರಿಗೆ ಇಂಥ ದೊಡ್ಡ ಲೀಗಿನ ವೇದಿಕೆ ಉಳಿಯಲಿಲ್ಲ. ಅವರ ಪಾಲಿಗೆ ಗಟ್ಟಿಯಾಗಿ ನಿಂತದ್ದು ಅದೇ ಹಳೆಯ ರೈಲ್ವೆ, ಪೊಲೀಸ್ ಇಲಾಖೆಗಳ ನೌಕರಿ.

ಸೋಲು ಕಲಿಸಿದ ಪಾಠ

2018ರ ಆಗಸ್ಟಿನಲ್ಲಿ ಜಕಾರ್ತಾದಲ್ಲಿ ನಡೆದ ಏಷ್ಯಾಡ್ ಭಾರತದ ಕಬಡ್ಡಿಗೆ ಸಿಡಿಲೆರಗಿದಂತಾಯಿತು. ಪುರುಷರು ಸೆಮಿಫೈನಲಿನಲ್ಲೇ ಇರಾನಿಗೆ ಸೋತು ಕಂಚಿಗೆ ಇಳಿದರು. ಮಹಿಳೆಯರು ಅಂತಿಮ ಪಂದ್ಯದಲ್ಲಿ 24–27ರಿಂದ ಇರಾನಿಗೇ ಸೋತು ಬೆಳ್ಳಿಗೆ ಸಮಾಧಾನಪಟ್ಟರು. ಅಷ್ಟರಲ್ಲಿ ಮಮತಾ, ತೇಜಸ್ವಿನಿಯವರ ಪೀಳಿಗೆ ತಂಡದಿಂದ ಹಿಂದೆ ಸರಿದಿತ್ತು. ಆ ಬೆಳ್ಳಿಯ ತಂಡದಲ್ಲಿ ಕರ್ನಾಟಕದ ಉಷಾರಾಣಿಯವರಿದ್ದರು.

ಇರಾನಿನ ಆ ಗೆಲುವಿನ ಹಿಂದೆ ನಿಂತಿದ್ದ ತರಬೇತುದಾರರು ಯಾರು ಗೊತ್ತೇ? ನಮ್ಮ ಕಲ್ಯಾಣದಿಂದ ಕಸಾರಾ ಘಾಟ್ ಹತ್ತಿದರೆ ಸಿಗುವ ನಾಸಿಕದ ಶೈಲಜಾ ಜೈನ್! ಮಹಾರಾಷ್ಟ್ರದ ಈ ಮಹಿಳೆ ತೆಹರಾನಿಗೆ ಹೋಗಿ, ಅಲ್ಲಿಯ ಭಾಷೆಯ ನಾಲ್ಕು ಮಾತು ಕಲಿತು, ಆ ಹುಡುಗಿಯರಿಗೆ ಆಟದ ಜೊತೆಗೆ ಯೋಗ, ಪ್ರಾಣಾಯಾಮಗಳನ್ನೂ ಅಭ್ಯಾಸ ಮಾಡಿಸಿ, ಚಿನ್ನದವರೆಗೆ ಒಯ್ದರು. ಕಲಿಸುವವರು ನಮ್ಮಲ್ಲೇ ಇದ್ದರು. ಅವರ ವಿದ್ಯೆ ಪದಕವಾದದ್ದು ಪರದೇಶದಲ್ಲಿ. ಆಟ ಬಿಟ್ಟ ಆಟಗಾರ್ತಿಯನ್ನು, ಅನುಭವಿ ಗುರುವನ್ನು ಮನೆಯಲ್ಲಿ ಕೂರಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ.

ಪಾಠ ವ್ಯರ್ಥವಾಗಲಿಲ್ಲ ಎಂಬುದು ಸಂತೋಷದ ಮಾತು. 2023ರ ಅಕ್ಟೋಬರ್ 7ರಂದು ಚೀನದ ಹಾಂಗ್‌ಝೌನಲ್ಲಿ ಭಾರತದ ಮಹಿಳೆಯರು ಚೈನೀಸ್ ತೈಪೆ ತಂಡವನ್ನು 26–25ರಿಂದ ಸೋಲಿಸಿ ಚಿನ್ನವನ್ನು ಮರಳಿ ತಂದರು. ಆ ಕೂಟದಲ್ಲಿ ಭಾರತದ ನೂರನೆಯ ಪದಕ ಅದು. ಒಂದೇ ಅಂಕದ ಗೆಲುವು, ನೂರರ ಗಡಿ! 2025ರ ನವೆಂಬರಿನಲ್ಲಿ ಢಾಕಾದಲ್ಲಿ ಮಹಿಳೆಯರ ಎರಡನೆಯ ವಿಶ್ವಕಪ್ ನಡೆದಾಗ ಭಾರತ ಅದೇ ತೈಪೆಯನ್ನು 35–28ರಿಂದ ಮಣಿಸಿತು. ಆ ತಂಡದಲ್ಲಿ ಮುಂಬಯಿಯ ಸೋನಾಲಿ ಶಿಂಗಟೆ ಆಡಿದರು. ದಕ್ಷಿಣ ಕನ್ನಡದ ಧನಲಕ್ಷ್ಮಿ ಪೂಜಾರಿ ಇದ್ದರು. ತಂಡದ ತರಬೇತುದಾರರು ಗುವಾಂಗ್‌ಝೌ, ಇಂಚಿಯೋನ್‌ಗಳ ಚಿನ್ನ ಗೆದ್ದಿದ್ದ ತೇಜಸ್ವಿನಿ ಬಾಯಿ. ಆಡಿದವಳ ಅನುಭವ ಆಡುವವಳ ಕೈಗೆ ದಾಟಿತು. ಹಿಂದಿನ ಪೀಳಿಗೆ ಮುಂದಿನ ಪೀಳಿಗೆಯನ್ನು ಬೆಳೆಸುವ ಕ್ರಮ ಇದೇ.

ನಮ್ಮ ಅಂಗಳದ ಮಾತು

ಈ ಚರಿತ್ರೆಯಿಂದ ನಾವು ತಿಳಿಯಬೇಕಾದುದು ಒಂದೇ ಮಾತು: ಮಮತಾ ಪೂಜಾರಿಯವರ ಬದುಕನ್ನು ಕಟ್ಟಿದ್ದು ಪದಕವೊಂದೇ ಅಲ್ಲ. ಆಡಲು ಬಿಟ್ಟ ಮನೆ, ಆಡಿಸಿದ ಶಾಲೆ ಕಾಲೇಜು, ಆಡುತ್ತಲೇ ಉಣ್ಣಲು ದಾರಿಮಾಡಿದ ನೌಕರಿ, ಈ ಮೂರು ಕಾಲಿನ ಮೇಲೆ ಅದು ನಿಂತಿತು. ಮೂರರಲ್ಲಿ ಒಂದು ಕಾಲು ಮುರಿದಿದ್ದರೂ ಹೆರ್ಮುಂಡೆಯ ಹುಡುಗಿ ಹೆರ್ಮುಂಡೆಯಲ್ಲೇ ಉಳಿಯುತ್ತಿದ್ದಳು.

ಇನ್ನು ನಮ್ಮ ಮನೆಗಳತ್ತ ನೋಡೋಣ. ನಮ್ಮ ಮಗಳು ಬೆಳಗ್ಗೆ ಶಾಲೆಗೆ, ಸಂಜೆ ಕ್ಲಾಸಿಗೆ, ಭಾನುವಾರ ಭರತನಾಟ್ಯಕ್ಕೆ ಹೋಗುತ್ತಾಳೆ. ಅದೆಲ್ಲ ಬೇಕಾದುದೇ. ಆದರೆ ಅವಳು ಮಂಡಿ ತರಚಿಕೊಂಡು, ಬಟ್ಟೆಗೆ ಮಣ್ಣು ಮೆತ್ತಿಕೊಂಡು ಮನೆಗೆ ಬಂದರೆ ‘ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕಮ್ಮಾ’ ಎಂಬ ಮಾತು ಬಾಗಿಲಲ್ಲೇ ಎದುರಾಗುತ್ತದೆ. ಹತ್ತನೆಯ ತರಗತಿ ಬಂತೆಂದರೆ ಆಟಕ್ಕೆ ಪೂರ್ಣವಿರಾಮ. ಮಗನಿಗಾದರೆ ಕ್ರಿಕೆಟ್ ಕೋಚಿಂಗಿಗೆ ಹಣ ಕಟ್ಟಲು ನಾವು ಹಿಂದೆಮುಂದೆ ನೋಡುವುದಿಲ್ಲ.

ನಮ್ಮ ಸಂಘಸಂಸ್ಥೆಗಳ ವಾರ್ಷಿಕ ಕ್ರೀಡೋತ್ಸವಗಳನ್ನೇ ತೆಗೆದುಕೊಳ್ಳಿ. ಗಂಡಸರಿಗೆ ಕಬಡ್ಡಿ, ಕ್ರಿಕೆಟ್, ಹಗ್ಗಜಗ್ಗಾಟ. ಹೆಂಗಸರಿಗೆ ನಿಂಬೆಹಣ್ಣು ಚಮಚ, ಸಂಗೀತ ಕುರ್ಚಿ, ಹೆಚ್ಚೆಂದರೆ ಥ್ರೋಬಾಲ್. ದೇಶಕ್ಕೆ ಎರಡು ಸಲ ಏಷ್ಯಾಡ್ ಚಿನ್ನ ತಂದ ಕಬಡ್ಡಿ ಆಟಗಾರ್ತಿಯನ್ನು ಕೊಟ್ಟ ನಾಡಿನವರು ನಾವು. ನಮ್ಮ ಹುಡುಗಿಯರಿಗೆ ಚಮಚದ ಮೇಲೆ ನಿಂಬೆಹಣ್ಣು ಇಟ್ಟು ನಡೆಸುವುದರಲ್ಲೇ ತೃಪ್ತಿಪಡುತ್ತಿದ್ದೇವೆ. ನಗು ಬಂದರೂ ಇದು ನಗುವ ವಿಷಯವಲ್ಲ.

ಅವಕಾಶ ಇಲ್ಲಿಲ್ಲವೆಂದಲ್ಲ. ಠಾಣೆ ಜಿಲ್ಲೆಯ ಆಗ್ರಿ, ಕೋಳಿ ಊರುಗಳಲ್ಲಿ, ನವಿ ಮುಂಬಯಿಯ ಗಗನಚುಂಬಿ ಕಟ್ಟಡಗಳ ನಡುವೆ ಉಳಿದುಕೊಂಡ ಹಳೆಯ ಗಾಂವ್‌ಠಾಣಗಳಲ್ಲಿ ಕಬಡ್ಡಿ ಇಂದಿಗೂ ಮನೆಮಾತು. ಅಲ್ಲಿಯ ಮಂಡಳಗಳ ಅಂಗಳದಲ್ಲಿ ಹುಡುಗಿಯರೂ ಅಭ್ಯಾಸ ಮಾಡುವುದುಂಟು. ಅವರ ಜೊತೆ ನಮ್ಮ ಮಕ್ಕಳನ್ನು ಕಳಿಸಿದರೆ ಆಟದ ಜೊತೆಗೆ ನೆಲದ ನಂಟೂ ಬೆಳೆಯುತ್ತದೆ. ಎಲ್ಲರೂ ಏಷ್ಯಾಡಿಗೆ ಹೋಗುವುದಿಲ್ಲ, ನಿಜ. ಆದರೆ ಬಿದ್ದು ಏಳುವುದನ್ನು ಕಲಿತ ಹುಡುಗಿ ಲೋಕಲ್ ಗಾಡಿಯ ನೂಕುನುಗ್ಗಲಲ್ಲೂ, ಬದುಕಿನ ನೂಕುನುಗ್ಗಲಲ್ಲೂ ತನ್ನ ಕಾಲ ಮೇಲೆ ನಿಲ್ಲುತ್ತಾಳೆ. ಆಟದ ಪ್ರಮಾಣಪತ್ರ ಗಟ್ಟಿಯಿದ್ದರೆ ರೈಲ್ವೆಯ ಬಾಗಿಲೂ ತೆರೆದೀತು.

ಬರುವ ಕ್ರೀಡೋತ್ಸವದಲ್ಲಿ ಹುಡುಗಿಯರ ಎರಡು ಕಬಡ್ಡಿ ತಂಡಗಳನ್ನಾದರೂ ಕಟ್ಟಬೇಕೆಂಬುದು ನಮ್ಮ ವಿನಂತಿ. ಒಂದಕ್ಕೆ ಏಳು, ಎರಡಕ್ಕೆ ಹದಿನಾಲ್ಕು ಹುಡುಗಿಯರು. ಠಾಣೆಯಿಂದ ಕಲ್ಯಾಣದವರೆಗೆ, ಇತ್ತ ಐರೋಲಿಯಿಂದ ಪನ್ವೇಲಿನವರೆಗೆ ಇರುವ ಇಷ್ಟೊಂದು ಕನ್ನಡ ಮನೆಗಳಲ್ಲಿ ಹದಿನಾಲ್ಕು ಮಂದಿ ಸಿಗದಿರಲಾರರು. ಅಂಕಣದ ಅಳತೆ ಹನ್ನೆರಡಕ್ಕೆ ಎಂಟು ಮೀಟರ್. ಸುಣ್ಣದ ಪುಡಿ ಒಂದು ಚೀಲ ಸಾಕು.